ಕೈಪಿಡಿಗೆ ಬಾರದ ಆಪ್ಷನ್‌ಗಳು

ಕಂಪೈಲರ್‌ನಲ್ಲಿ ಎರಡು ಬಗೆಯ ಆಪ್ಷನ್‌ಗಳಿರುತ್ತವೆ. ಓ2 ಥರದವು ಪ್ರೋಗ್ರಾಂ ಬರೆಯುವವರಿಗೆ. ಇನ್ನು ಕೆಲವನ್ನು ಕಂಪೈಲರ್ ಕಟ್ಟುವವರು ತಮ್ಮ ಕೆಲಸಕ್ಕೆಂದು ಇಟ್ಟುಕೊಂಡಿರುತ್ತಾರೆ: ಯಾವುದೋ ಒಂದು ಹಂತವನ್ನು ನಿಲ್ಲಿಸಿ ದೋಷ ಎಲ್ಲಿದೆಯೆಂದು ಹುಡುಕಲು, ಎಷ್ಟು ದೊಡ್ಡ ಫಂಕ್ಷನ್‌ವರೆಗೆ ಇನ್‌ಲೈನ್ ಮಾಡಬಹುದೆಂಬ ಮಿತಿಯನ್ನು ಬದಲಿಸಿ ನೋಡಲು. ಈ ಎರಡನೆಯವು ಬಳಕೆದಾರರ ಕೈಪಿಡಿಗೆ ಬರಬಾರದು. ಅವು ಗುಟ್ಟೇನಲ್ಲ, ಸೋರ್ಸ್ ಕೋಡ್ ತೆರೆದೇ ಇದೆ. ಆದರೆ ಕೈಪಿಡಿಯಲ್ಲಿ ಕಂಡದ್ದನ್ನು ಓದುಗರು ಕೊಟ್ಟ ಮಾತೆಂದೇ ನಂಬುತ್ತಾರೆ, ತಮ್ಮ ಮೇಕ್‌ಫೈಲ್‌ಗೆ ಸೇರಿಸಿಕೊಳ್ಳುತ್ತಾರೆ. ನಾಳೆ ಆ ಹಂತವನ್ನೇ ಹೊಸದಾಗಿ ಬರೆದರೆ ಅವರ ಬಿಲ್ಡ್ ನಿಂತುಹೋಗುತ್ತದೆ.

ಬೇರ್ಪಡಿಸುವ ಕೆಲಸ ಆಪ್ಷನ್ ಹುಟ್ಟುವ ಜಾಗದಲ್ಲೇ ಆಗಬೇಕು. ಜಿಸಿಸಿಯಲ್ಲಿ ಪ್ರತಿ ಆಪ್ಷನ್‌ಗೂ ಒಂದು ಪುಟ್ಟ ದಾಖಲೆ ಇರುತ್ತದೆ: ಹೆಸರು, ಗುಣಗಳು, ಒಂದು ಸಾಲಿನ ವಿವರಣೆ. ಗುಣಗಳ ಸಾಲಿನಲ್ಲಿ 'ಅನ್‌ಡಾಕ್ಯುಮೆಂಟೆಡ್' ಎಂದು ಸೇರಿಸಿದರೆ ಅದು ಹೆಲ್ಪ್ ಪಟ್ಟಿಯಲ್ಲಿ ಕಾಣುವುದಿಲ್ಲ. ಎಲ್‌ಎಲ್‌ವಿಎಂನಲ್ಲಿ 'ಹಿಡನ್' ಎಂದು ಗುರುತಿಸಿದವು 'ಹೆಲ್ಪ್-ಹಿಡನ್' ಎಂದು ಕೇಳಿದಾಗ ಮಾತ್ರ ಬರುತ್ತವೆ. 'ರಿಯಲಿ ಹಿಡನ್' ಆದವು ಅಲ್ಲಿಯೂ ಇಲ್ಲ. ನನಗೆ ಹೆಚ್ಚು ಹಿಡಿಸಿದ್ದು ರಸ್ಟ್‌ನ ದಾರಿ. ಅದರ 'ಝಡ್' ಆಪ್ಷನ್‌ಗಳನ್ನು ನೈಟ್ಲಿ ಆವೃತ್ತಿ ಮಾತ್ರ ಒಪ್ಪುತ್ತದೆ, ಸ್ಟೇಬಲ್ ಆವೃತ್ತಿ ಎರರ್ ಕೊಟ್ಟು ನಿಲ್ಲುತ್ತದೆ. ಕಾಣದಂತೆ ಇಟ್ಟದ್ದನ್ನು ಯಾರಾದರೂ ಹುಡುಕಿ ತೆಗೆಯುತ್ತಾರೆ. ಬಾಗಿಲಲ್ಲೇ ತಡೆದರೆ ಆ ಮಾತಿಲ್ಲ.

ಬರೀ ಎಚ್ಚರಿಕೆ ಸಾಲದು ಎನ್ನುವುದಕ್ಕೆ ಎಲ್‌ಎಲ್‌ವಿಎಂನ ಸಿ++ ಕಂಪೈಲರ್ ಆದ ಕ್ಲ್ಯಾಂಗ್‌ನಲ್ಲೇ ಸಾಕ್ಷಿಯಿದೆ. 2019ರಲ್ಲಿ ಬಂದ ಕ್ಲ್ಯಾಂಗ್ 8, ಬೆಲೆ ಕೊಡದೆ ಬಿಟ್ಟ ಲೋಕಲ್ ವೇರಿಯಬಲ್‌ಗಳಿಗೆ ತಾನೇ ಸೊನ್ನೆ ತುಂಬುವ ಸೌಲಭ್ಯ ಕೊಟ್ಟಿತು. ಜನ ಆ ಸೊನ್ನೆಯನ್ನೇ ನಂಬಿ ಕೋಡ್ ಬರೆದರೆ ಸಿ++ ಭಾಷೆಯೇ ಎರಡಾಗುತ್ತದೆ ಎಂಬ ಅಂಜಿಕೆಯಿತ್ತು. ಹಾಗಾಗಿ ಜೊತೆಗೆ ಇನ್ನೊಂದು ಆಪ್ಷನ್ ಕಡ್ಡಾಯವಾಯಿತು: 'ಎನೇಬಲ್-ಟ್ರಿವಿಯಲ್-ಆಟೋ-ವಾರ್-ಇನಿಟ್-ಝೀರೋ-ನೋಯಿಂಗ್-ಇಟ್-ವಿಲ್-ಬಿ-ರಿಮೂವ್ಡ್-ಫ್ರಮ್-ಕ್ಲ್ಯಾಂಗ್'. ಮುಂದೆ ತೆಗೆದುಹಾಕುತ್ತಾರೆಂದು ಗೊತ್ತಿದ್ದೇ ಬಳಸುತ್ತಿದ್ದೇನೆ ಎಂದು ಬಳಸುವವರ ಕೈಯಲ್ಲೇ ಬರೆಸಿಕೊಂಡ ಹಾಗೆ.

ಲಿನಕ್ಸ್ ಕರ್ನಲ್‌ನವರು ಅದಷ್ಟನ್ನೂ ಬರೆದು ಬಳಸಿದರು. ಮೆಮೊರಿಯಲ್ಲಿ ಉಳಿದ ಹಳೆಯ ಮಾಹಿತಿ ಸೋರದಂತೆ ತಡೆಯುವ ಸೌಲಭ್ಯವನ್ನು ಅವರು ಬಿಡುವ ಹಾಗಿರಲಿಲ್ಲ. 2022ರ ಜಿಸಿಸಿ 12 ಇಂಥ ಯಾವ ಷರತ್ತೂ ಇಲ್ಲದೆ ಅದನ್ನೇ ಕೊಟ್ಟಿತು. ಮರುವರ್ಷ ಕ್ಲ್ಯಾಂಗ್ 16 ಆ ಉದ್ದದ ಹೆಸರು ಬೇಡವೆಂದಿತು. ಈಗ ಸೊನ್ನೆ ತುಂಬುವ ಆಪ್ಷನ್ ಕ್ಲ್ಯಾಂಗ್‌ನ ಕೈಪಿಡಿಯಲ್ಲಿ ಉಳಿದೆಲ್ಲವುಗಳ ಜೊತೆಗೇ ಇದೆ.