ನಿಮಗಿದು ಗೊತ್ತೇ? ಸೀಟು ಬಿಡದ ಕರಾವಳಿಯ ಮಗಳು!

ರೋಸಾ ಪಾರ್ಕ್ಸ್ ಹೆಸರು ಕೇಳಿರುತ್ತೀರಿ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗೊಮರಿಯಲ್ಲಿ ಬಿಳಿಯರಿಗೆ ಬಸ್ಸಿನ ಸೀಟು ಬಿಟ್ಟುಕೊಡಲು ಒಪ್ಪದ ಕಪ್ಪು ಮಹಿಳೆ. ಅದಕ್ಕೂ 14 ವರ್ಷ ಮೊದಲೇ, ಅದೇ ದೇಶದ ರೈಲಿನಲ್ಲಿ ಜಪ್ಪಯ್ಯ ಎಂದರೂ ಏಳದೆ ಕೂತವರು ನಮ್ಮ ಕರಾವಳಿಯ ಹೆಣ್ಣು ಎಂದರೆ ನಂಬುತ್ತೀರಾ?

ಅವರು ಕಮಲಾದೇವಿ ಚಟ್ಟೋಪಾಧ್ಯಾಯ. ಹೆಸರು ನೋಡಿ ಬಂಗಾಳದವರು ಅಂದುಕೊಳ್ಳಬೇಡಿ. ಅದು ಗಂಡನ ಮನೆಯ ಹೆಸರು. ಹುಟ್ಟಿದ್ದು 1903ರಲ್ಲಿ, ಮಂಗಳೂರಲ್ಲಿ!

1941. ಲೂಸಿಯಾನಾ. ಕಮಲಾದೇವಿ ಬಿಳಿಯರ ಬೋಗಿಯಲ್ಲಿ ಕೂತಿದ್ದರು. ಟಿಕೆಟ್ ಕಲೆಕ್ಟರ್ ಬಂದು ಬೇರೆ ಬೋಗಿಗೆ ಹೋಗು ಎಂದ. ಇವರು ಅಲುಗಲಿಲ್ಲ. ಹೋದವನು ಮತ್ತೆ ಬಂದ, ಈಗ ಅವನಿಗೇ ಅನುಮಾನ, ಇವರು ಅಮೆರಿಕದವರಲ್ಲವೇನೋ ಎಂದು. ಯಾವ ದೇಶದವರು ಎಂದು ಕೇಳಿದ. ನ್ಯೂಯಾರ್ಕಿನಿಂದ ಬಂದೆ ಎಂದರು! ಅವನು ಬಿಡಲಿಲ್ಲ. ಭಾರತದವಳು ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹೇಳಿದ್ದೇ ಬೇರೆ: ನಾನೂ ಕಪ್ಪು ಬಣ್ಣದವಳೇ, ಏಳುವುದಿಲ್ಲ. ಕಲೆಕ್ಟರ್ ಗೊಣಗುತ್ತಾ ಹೊರಟುಹೋದ!

ಸುಲಭದ ದಾರಿ ಎದುರಿಗೇ ಇತ್ತು. ಹಿಡಿಯಲಿಲ್ಲ. ನನಗೆ ಬೆರಗು ಅದೇ.



ಅಮೆರಿಕದ ರೈಲು ಇರಲಿ, ಈಗ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಬನ್ನಿ. ಮನುಷ್ಯರನ್ನು ದೂರ ಇಡಲು ಇಲ್ಲಿ ಬೋಗಿ ಬೇಡ, ಬೀದಿಯೇ ಸಾಕಿತ್ತು. ಈ ಭಾಗದ ಬುಡಕಟ್ಟಿನವರಾದ ಕೊರಗರಲ್ಲಿ ಒಂದು ಪಂಗಡದವರ ಹೆಸರು ಅಂಡೆ ಕೊರಗರು. ಯಾಕೆ ಗೊತ್ತೇ? ದಾರಿ ಮೈಲಿಗೆಯಾಗದಂತೆ, ಉಗುಳಲು ಕುತ್ತಿಗೆಗೆ ಅಂಡೆ ಕಟ್ಟಿಕೊಂಡೇ ಓಡಾಡಬೇಕಿತ್ತಂತೆ! 19ನೇ ಶತಮಾನದ ಇಂಗ್ಲಿಷ್ ಅಧಿಕಾರಿಗಳೇ ಇದನ್ನು ಬರೆದಿಟ್ಟಿದ್ದಾರೆ.

ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ 'ಅಜಲು' ಪದ್ಧತಿ ಕೇಳಿದ್ದೀರಾ? ಇನ್ನೊಬ್ಬರ ಪೀಡೆ ಇವರ ಹೊಟ್ಟೆಗೆ! ಇದನ್ನು ನಿಷೇಧಿಸುವ ಕಾಯ್ದೆ ಬಂದದ್ದು ಯಾವಾಗ ಗೊತ್ತೇ? 2000ದಲ್ಲಿ. ಮನೆಮನೆಗೆ ಟಿವಿ ಬಂದ ಮೇಲೆ!

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲೇ 'ಚೋಮನ ದುಡಿ' ಕಾದಂಬರಿ ಬರೆದರು. ಅದರ ದಲಿತ ನಾಯಕ ಚೋಮನಿಗೆ ಬೇಕಿದ್ದದ್ದು ಒಂದೇ, ಸ್ವಂತ ಬೇಸಾಯಕ್ಕೆ ಒಂದು ತುಂಡು ನೆಲ. ಸಿಗಲಿಲ್ಲ. ಸರಿಯಾಗಿ 60 ವರ್ಷದ ಮೇಲೆ, 1993ರ ಆಗಸ್ಟ್ 18ರಂದು, ಕೊರಗರು ಮಂಗಳೂರಿನ ಬೀದಿಗಿಳಿದರು. ಕೇಳಿದ್ದೇನು? ಅದೇ, ನೆಲ! ಆಮೇಲೆ ಕೊರಗರ ಸ್ಥಿತಿಗತಿಯ ಬಗ್ಗೆ ಬಂದ ಮಹಮ್ಮದ್ ಪೀರ್ ವರದಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಎಂದಿತು. ಕೇಳಿದವರೆಲ್ಲರಿಗೂ ಅದು ಇನ್ನೂ ಸಿಕ್ಕಿಲ್ಲ ಎನ್ನುವುದು ಬೇರೆ ಮಾತು.

ಬ್ರಹ್ಮಾವರ ತಾಲೂಕಿನ ಗುಂಡ್ಮಿಯ ಸಬಿತಾ, ಕೊರಗ ಸಮುದಾಯದಲ್ಲೇ ಮೊದಲಿಗರಾಗಿ, ಕಾಲೇಜು ಅಧ್ಯಾಪಕರ ಅರ್ಹತೆಗೆ ಯುಜಿಸಿ ಇಟ್ಟ ಎನ್‌ಇಟಿ ಪರೀಕ್ಷೆ ಪಾಸಾದರು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಅಧ್ಯಾಪಕಿಯಾದರು. ಅಂಡೆ ಕಟ್ಟಿಸಿದ ಸಮಾಜಕ್ಕೆ ಸಮಾಜಶಾಸ್ತ್ರದ ಪಾಠ, ಹೇಗಿದೆ!

ನೆಲಕ್ಕಾಗಿ ಬೀದಿಗಿಳಿದ ಆ ದಿನದ ನೆನಪಿಗೆ, ಪ್ರತಿ ಆಗಸ್ಟ್ 18ಕ್ಕೆ ಕೊರಗರು ಭೂಮಿ ಹಬ್ಬ ಮಾಡುತ್ತಾರೆ. ಊರವರ ಅಪ್ಪಣೆಗೆ ಬಡಿಯುತ್ತಿದ್ದ ಡೋಲನ್ನು ಅಂದು ತಮ್ಮ ಖುಷಿಗೆ ಬಡಿಯುತ್ತಾರೆ. ಈ ಸಲ ನೀವೂ ಹೋಗಿ ಬನ್ನಿ!