ಕಂಬವನ್ನು ಮತ್ತೆ ನಿಲ್ಲಿಸಿದ ಕೈಗಳು

ರಜೆ ಸಮೀಪಿಸಿದಂತೆ ನಮ್ಮ ಕುಟುಂಬಗಳಲ್ಲೂ ಯುವಜನರ ಸಂಘಗಳಲ್ಲೂ ಪ್ರವಾಸದ ಮಾತು ಕೇಳಿಬರುತ್ತದೆ. ಹಂಪಿಯ ಸ್ಮಾರಕಗಳೂ ಹಳೆಯ ಗೋವಾದ ಇಗರ್ಜಿಗಳೂ ಒಂದೇ ವರ್ಷ, 1986ರಲ್ಲಿ, ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೇಗುಲವಾಗಲಿ ಇಗರ್ಜಿಯಾಗಲಿ, ಅದು ಇಡೀ ಮನುಕುಲದ ಸೊತ್ತೆಂಬುದು ಇದರ ಅರ್ಥ.

ಆದರೆ ‘ಎಲ್ಲರದು’ ಎಂಬುದನ್ನು ನಾವು ಎಷ್ಟೋ ಬಾರಿ ‘ಯಾರದೂ ಅಲ್ಲ’ ಎಂದು ಅರ್ಥೈಸುತ್ತೇವೆ. ಸೆಮಿನರಿಯ ದಿನಗಳ ಪ್ರವಾಸವೊಂದರಲ್ಲಿ ನಾವೂ ಹಳೆಯ ಗೋಡೆಯೊಂದರ ಮೇಲೆ ಹೆಸರು ಗೀಚಿದ್ದುಂಟು. ಅಂದು ತರ್ಕಶಾಸ್ತ್ರ ಓದುತ್ತಿದ್ದ ನಮಗೆ ಈ ತಪ್ಪು ತರ್ಕ ಕಾಣಿಸಲಿಲ್ಲ. ಇಂದು ನೆನೆದರೆ ನಾಚಿಕೆಯಾಗುತ್ತದೆ.

2019ರಲ್ಲಿ ಹಂಪಿಯ ಗುಡಿಯೊಂದರ ಬಳಿ ಕೆಲವು ಯುವಕರು ಕಲ್ಲಿನ ಕಂಬ ಉರುಳಿಸಿದ ದೃಶ್ಯವನ್ನು ನಾಡೇ ಕಂಡು ಮರುಗಿತು. ನ್ಯಾಯಾಲಯವು ಅವರಿಗೆ ದಂಡ ವಿಧಿಸಿತಲ್ಲದೆ, ಬಿದ್ದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ಎತ್ತಿ ನಿಲ್ಲಿಸುವಾಗಲೇ ಅಲ್ಲವೇ ಕಲ್ಲಿನ ಭಾರ ತಿಳಿಯುವುದು!

ನಿಸರ್ಗದ ವಿಷಯದಲ್ಲಿ ಈ ಅವಕಾಶವೂ ಇಲ್ಲ. 2012ರಲ್ಲಿ ಅದೇ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟಗಳ 39 ತಾಣಗಳಲ್ಲಿ 10 ನಮ್ಮ ರಾಜ್ಯದವು. ಪ್ರವಾಸಿಗರ ಅಜಾಗರೂಕತೆಯಿಂದ ಅಲ್ಲಿನ ಕಾಡು ಸುಟ್ಟರೆ ಯಾವ ನ್ಯಾಯಾಲಯವೂ ಅದನ್ನು ಮರಳಿ ನಿಲ್ಲಿಸಲಾರದು.

ಪರಂಪರೆಯನ್ನೂ ಅರಣ್ಯ, ನದಿಗಳನ್ನೂ ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಸಾರುತ್ತದೆ. ನೋಡುವ ಹಕ್ಕಿನೊಡನೆ ಕಾಯುವ ಹೊಣೆಯೂ ಬರುತ್ತದೆ. ಪ್ರಿಯ ಓದುಗರೇ, ಮುಂದಿನ ಪ್ರವಾಸಕ್ಕೆ ಬುತ್ತಿ ಕಟ್ಟುವಾಗ ಮಕ್ಕಳಿಗೆ ಇಷ್ಟನ್ನು ಹೇಳೋಣ: ಒಯ್ದ ಬಾಟಲಿ ಮನೆಗೆ ಮರಳಲಿ, ನಮ್ಮ ಹೆಸರು ಕಲ್ಲಿನ ಮೇಲೆ ಉಳಿಯದಿರಲಿ.