ಕಹಿಗೂ ಒಂದು ಋತುವುಂಟು

ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲೇಜಿನಲ್ಲಿ ಕನ್ನಡ ಕಾವ್ಯವನ್ನೂ ಕಾವ್ಯಮೀಮಾಂಸೆಯನ್ನೂ ಪಾಠ ಹೇಳಿದವನು ನಾನು. ಅಂಥವನು ಇಂದು ಇಂಗ್ಲೆಂಡಿನ ಒಂದು ಬಿಯರಿನ ವಿಷಯವಾಗಿ ಮಾತನಾಡಹೊರಟರೆ, ‘ನಿವೃತ್ತಿಯಾದ ಮೇಲೆ ಮೇಷ್ಟರಿಗೆ ಇದೇನು ಬುದ್ಧಿ ಬಂತು’ ಎಂದು ತಾವು ಹುಬ್ಬೇರಿಸುವುದು ಸಹಜ. ಆ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ. ನನ್ನ ಸೋದರಮಾವ ಕುಡಿತದಿಂದ ಹಾಳಾದವನು. ಊರಿನ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ. ಸಂಜೆ ಕುಮಾರವ್ಯಾಸನನ್ನು ಓದಲು ಕುಳಿತರೆ ಬೀದಿಯ ಜನವೆಲ್ಲ ಜಗುಲಿಗೆ ಬಂದು ಸೇರುತ್ತಿದ್ದರು. ಕೆಲಸ ಹೋಯಿತು, ಜಮೀನು ಹೋಯಿತು, ಕೊನೆಗೆ ಆ ಕಂಠವೂ ಹೋಯಿತು. ಅವನು ತೀರಿಕೊಂಡ ವಾರದಲ್ಲಿ ನನ್ನ ತಾಯಿ ಮಕ್ಕಳನ್ನೆಲ್ಲ ದೇವರ ಮುಂದೆ ನಿಲ್ಲಿಸಿ, ಆ ವಸ್ತುವನ್ನು ಮುಟ್ಟುವುದಿಲ್ಲವೆಂದು ಭಾಷೆ ತೆಗೆದುಕೊಂಡಳು. ಅರವತ್ತು ದಾಟುವವರೆಗೆ ಆ ಭಾಷೆಯನ್ನು ನಡೆಸಿದೆ. ೨೦೨೩ರ ಸೆಪ್ಟೆಂಬರಿನ ಕೊನೆಯಲ್ಲಿ, ಇಂಗ್ಲೆಂಡಿನ ಆಗ್ನೇಯಕ್ಕಿರುವ ಕೆಂಟ್ ಸೀಮೆಯಲ್ಲಿ, ಅರ್ಧ ಪಿಂಟಿನಷ್ಟು ಮುರಿದೆ. ಏಕೆ ಮುರಿದೆನೆಂಬುದಕ್ಕೆ ಈ ಭಾಷಣವೇ ಸಮಜಾಯಿಷಿ. ಸಾಕೋ ಸಾಲದೋ ತಾವೇ ತೀರ್ಮಾನಿಸಬೇಕು.

ನನ್ನ ಮಗಳೂ ಅಳಿಯನೂ ಕ್ಯಾಂಟರ್ಬರಿಯಲ್ಲಿದ್ದಾರೆ. ನಾನು ಹೋದ ಹೊಸತರಲ್ಲಿ, ಸೆಪ್ಟೆಂಬರಿನ ನಡುವೆ, ಅವರು ನನ್ನನ್ನು ಫ್ಯಾವರ್‌ಶಮ್ ಊರಿನ ಬಳಿಯ ಒಂದು ಹಾಪ್ ತೋಟಕ್ಕೆ ಕರೆದೊಯ್ದರು. ಹಾಪ್ ಎಂಬುದು ಬಳ್ಳಿ. ನಮ್ಮಲ್ಲಿ ಮೆಣಸಿನ ಬಳ್ಳಿ ಮರವನ್ನು ತಬ್ಬಿ ಏರುವಂತೆ, ಇದು ಎತ್ತರದ ಕಂಬಗಳಿಂದ ಇಳಿಬಿಟ್ಟ ದಾರವನ್ನು ಸುತ್ತಿಕೊಂಡು ಮೂರಾಳೆತ್ತರಕ್ಕೆ ಏರುತ್ತದೆ. ಹೆಣ್ಣು ಬಳ್ಳಿಯಲ್ಲಿ ತಿಳಿ ಹಸುರಿನ, ಪದರ ಪದರವಾದ ಹೂಗಳು ಗೊಂಚಲುಗೊಂಚಲಾಗಿ ತೂಗುತ್ತವೆ. ಒಂದನ್ನು ಕಿತ್ತು ಅಂಗೈಯಲ್ಲಿ ಉಜ್ಜಿದೆ. ಅರಿಸಿನದಂಥ ಪುಡಿ ಅಂಟಿತು. ಅದರ ಹೆಸರು ಲುಪುಲಿನ್. ಬಿಯರಿನ ಕಹಿಯೂ ಕಂಪೂ ಅಡಗಿರುವುದು ಅದರಲ್ಲಿ. ಮೂಗಿಗೆ ಹಿಡಿದರೆ ನಿಂಬೆಯ ಎಲೆ, ಹಸಿ ಹುಲ್ಲು, ಎಲ್ಲೋ ಒಂದಿಷ್ಟು ಮೆಣಸು. ಸಂಜೆಯವರೆಗೂ ಆ ಕೈಯನ್ನು ತೊಳೆಯುವ ಮನಸ್ಸಾಗಲಿಲ್ಲ.

ಈಗ ‘ಬಿಟರ್’ ಎಂದರೇನು ಎಂಬುದನ್ನು ನೋಡೋಣ. ಇಂಗ್ಲಿಷರು ತಮ್ಮ ತಿಳಿಬಣ್ಣದ ಏಲ್ ಪಾನೀಯಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಯಿಂದ ಕೊಟ್ಟ ಹೆಸರು ಅದು. ‘ಕಹಿ’ ಎಂದೇ ಅರ್ಥ. ಬೇರೆ ಯಾವ ಜನ ತಾವು ಪ್ರೀತಿಸುವ ವಸ್ತುವನ್ನು ಇಷ್ಟು ನೇರವಾಗಿ ಕಹಿ ಎಂದು ಕರೆದಾರು! ಇದರ ಮೂಲ ಜವೆಗೋಧಿ, ಅಂದರೆ ಬಾರ್ಲಿ. ನಮ್ಮ ಮನೆಗಳಲ್ಲಿ ಎಳೆಮಗುವಿಗೆಂದು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ, ಹುರಿದು ಸರಿಹಿಟ್ಟು ಮಾಡುವುದಿಲ್ಲವೆ? ಬಾರ್ಲಿಗೂ ಇದೇ ಸಂಸ್ಕಾರ, ಅದೇ ಮಾಲ್ಟ್. ಮಾಲ್ಟನ್ನು ಒಡೆದು, ಸುಮಾರು ೬೫ ಡಿಗ್ರಿ ಸೆಲ್ಸಿಯಸ್ ಶಾಖದ ನೀರಿನಲ್ಲಿ ಒಂದು ಗಂಟೆ ನೆನೆಯಿಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗಿ ಸಿಹಿಯಾದ ಕಷಾಯವೊಂದು ಇಳಿಯುತ್ತದೆ. ಅದನ್ನು ಹಾಪ್ ಹಾಕಿ ಕುದಿಸಿ, ಆರಿಸಿ, ಯೀಸ್ಟಿನಿಂದ ಹುದುಗಿಸುತ್ತಾರೆ. ಮದ್ಯಾಂಶ ನೂರಕ್ಕೆ ಮೂರೂವರೆಯಿಂದ ಐದರವರೆಗೆ. ಅಮಲಿಗಾಗಿ ಕುಡಿಯುವವನಿಗೆ ಇದು ಬಲು ನಿಧಾನದ ದಾರಿ.

ಕುದಿಸುವಲ್ಲಿಯೇ ಇರುವುದು ಸ್ವಾರಸ್ಯ. ಹಾಪ್‌ನಲ್ಲಿರುವ ಆಲ್ಫಾ ಆಮ್ಲಗಳು ತಣ್ಣೀರಿನಲ್ಲಿ ಸುಲಭವಾಗಿ ಕರಗವು. ಗಂಟೆಗಟ್ಟಲೆ ಕುದಿದಾಗ ಅವುಗಳ ಅಣುರಚನೆ ಬದಲಾಗಿ, ಕರಗಿ, ಕಹಿ ಕೊಡುತ್ತವೆ. ಆದರೆ ಅದೇ ಹಾಪ್‌ನ ಕಂಪಿನ ಎಣ್ಣೆಗಳು ಆ ಕುದಿತದಲ್ಲಿ ಆವಿಯಾಗಿ ಹೋಗುತ್ತವೆ. ಕುದಿಸಿದಷ್ಟೂ ಕಹಿ ಬರುತ್ತದೆ, ಕುದಿಸಿದಷ್ಟೂ ಘಮ ಹೋಗುತ್ತದೆ. ಆದ್ದರಿಂದ ಬಲ್ಲವನು ಹಾಪನ್ನು ಎರಡು ಪಾಲು ಮಾಡುತ್ತಾನೆ: ಕಹಿಗೆಂದು ಒಂದು ಪಾಲು ಮೊದಲಿಗೆ, ಕಂಪಿಗೆಂದು ಇನ್ನೊಂದು ಪಾಲು ಕಟ್ಟಕಡೆಗೆ. ಸಾರನ್ನು ಇಳಿಸುವ ಹೊತ್ತಿಗೆ ಕೊತ್ತಂಬರಿಸೊಪ್ಪು ಹಾಕುವ ನಮ್ಮ ಗೃಹಿಣಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಇಂಗ್ಲಿಷರಿಗೂ ಈ ಕಹಿ ಹುಟ್ಟಿನಿಂದ ಬಂದದ್ದಲ್ಲ. ಅವರ ಹಳೆಯ ಏಲ್‌ಗೆ ಹಾಪ್ ಇರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಹಾಪ್ ಹಾಕಿದ ಬಿಯರು ಸಮುದ್ರದಾಚೆಯ ಫ್ಲಾಂಡರ್ಸ್ ಕಡೆಯಿಂದ ಬಂದಾಗ ಜನ ಮುಖ ಸಿಂಡರಿಸಿದರು. ೧೫೪೨ರಲ್ಲಿ ಆಂಡ್ರೂ ಬೋರ್ಡ್ ಎಂಬ ವೈದ್ಯ, ಏಲ್ ಇಂಗ್ಲಿಷರಿಗೆ ಸಹಜವಾದ ಪಾನೀಯ, ಬಿಯರ್ ಡಚ್ಚರಿಗೆ ಎಂದು ಬರೆದ. ಆದರೆ ೧೫೭೪ರ ವೇಳೆಗೆ ಕೆಂಟ್‌ನವನೇ ಆದ ರೆಜಿನಾಲ್ಡ್ ಸ್ಕಾಟ್ ಹಾಪ್ ಬೇಸಾಯದ ಮೇಲೆ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದ್ದ. ಹಾಪ್ ಹಾಕಿದ ಪಾನೀಯ ಬೇಗ ಕೆಡುವುದಿಲ್ಲ ಎಂಬುದೇ ಅದರ ಗೆಲುವಿಗೆ ಕಾರಣ. ಮುಂದೆ ಬರ್ಟನ್ ಊರಿನ ತಿಳಿ ಏಲ್ ಹೆಚ್ಚು ಹಾಪ್ ತುಂಬಿಕೊಂಡು ಹಡಗಿನಲ್ಲಿ ನಮ್ಮ ದೇಶದ ಬ್ರಿಟಿಷರವರೆಗೆ ಬಂದದ್ದೂ ಈ ಗುಣದಿಂದಲೇ. ಮೊದಲು ಉಪಯೋಗಕ್ಕೆಂದು ಸಹಿಸಿದ ಕಹಿಯನ್ನು ಆಮೇಲೆ ರುಚಿಯೆಂದು ಬಯಸಿದರು.

ಹಾಪ್ ಕೊಯ್ಲು ವರ್ಷಕ್ಕೊಮ್ಮೆ, ಆಗಸ್ಟಿನ ಕೊನೆಯಿಂದ ಸೆಪ್ಟೆಂಬರಿನವರೆಗೆ. ಕೊಯ್ದ ಹೂವಿನಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ನೀರೇ ಇರುವುದರಿಂದ ಅದು ಬೇಗ ಕೊಳೆಯುತ್ತದೆ. ಆದುದರಿಂದ ಮೊನಚು ಛಾವಣಿಯ ಗೂಡುಮನೆಗಳಲ್ಲಿ ಅದನ್ನು ಬಿಸಿಗಾಳಿಗೆ ಒಣಗಿಸಿ ವರ್ಷವಿಡೀ ಬಳಸುವುದು ರೂಢಿ. ಆದರೆ ಕೊಯ್ಲಿನ ದಿನಗಳಲ್ಲಿ ಮಾತ್ರ ಕೆಲವರು ಹೂವನ್ನು ಒಣಗಿಸದೆ, ಕೊಯ್ದ ಒಂದು ದಿನದೊಳಗೆ ಹಸಿಯಾಗಿಯೇ ಕಡಾಯಿಗೆ ಹಾಕುತ್ತಾರೆ. ಇದೇ ಹಸಿ ಹಾಪ್‌ನ ಬಿಟರ್. ಕಹಿಗೆ ಬಹುಮಟ್ಟಿಗೆ ಹಿಂದಿನ ವರ್ಷದ ಒಣ ಹಾಪ್, ಕಂಪಿಗೆ ಈ ವರ್ಷದ ಹಸಿ ಹಾಪ್. ಸೆಪ್ಟೆಂಬರಿನ ಕೊನೆಗೆ ಪಬ್ಬಿಗೆ ಬರುತ್ತದೆ. ಕೆಲವು ವಾರಗಳಲ್ಲಿ ಮುಗಿಯುತ್ತದೆ. ಕೂಡಿಟ್ಟುಕೊಳ್ಳುವಂತಿಲ್ಲ, ಇಟ್ಟರೆ ಆ ಹಸುರು ಕಂಪೇ ಮೊದಲು ಮಾಯವಾಗುತ್ತದೆ.

ನನ್ನ ಅಳಿಯ ಮಿತಭಾಷಿ. ಅಂದು ಪಬ್ಬಿನಲ್ಲಿ ಅವನು ಹೇಳಿದ್ದಿಷ್ಟೇ: “ಮಾವ, ನೀವು ಕುಡಿಯುವುದಿಲ್ಲವೆಂದು ಗೊತ್ತು. ಆವತ್ತು ನಿಮ್ಮ ಕೈಯಲ್ಲಿದ್ದ ವಾಸನೆ ಇದರಲ್ಲಿದೆ. ಮೂಸಿಯಾದರೂ ನೋಡಿ.” ಮೂಸಿ ನೋಡಿದೆ. ಎರಡು ವಾರದ ಹಿಂದಿನ ಆ ತೋಟ ಇಡಿಯಾಗಿ ಎದ್ದು ಬಂದು ಎದುರು ನಿಂತಿತು. “ನನಗೂ ಅರ್ಧ ತಾ” ಎಂದೆ. ಮಗಳು ನನ್ನ ಮುಖವನ್ನು ನೋಡಿದಳು, ಏನೂ ಹೇಳಲಿಲ್ಲ.

ರುಚಿ ನೋಡುವ ಕ್ರಮವನ್ನು ಅಳಿಯನಿಂದ ಕಲಿತಂತೆ ಹೇಳುತ್ತೇನೆ. ಮೊದಲು ಕಣ್ಣು. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಹೊಸ ತಾಮ್ರದ ಚೊಂಬಿನ ಬಣ್ಣ, ಮೇಲೊಂದು ತೆಳ್ಳನೆಯ ನೊರೆ. ಎರಡನೆಯದು ಶೈತ್ಯ. ನಮ್ಮ ಊರುಗಳಲ್ಲಿ ಬಿಯರನ್ನು ಮಂಜುಗಡ್ಡೆಯಂತೆ ತಣ್ಣಗೆ ಕೊಡುತ್ತಾರಂತೆ. ಬಿಟರಿಗೆ ನೆಲಮಾಳಿಗೆಯ ತಂಪು, ೧೧ರಿಂದ ೧೩ ಡಿಗ್ರಿ, ಸಾಕು. ಅತಿ ತಣ್ಣಗಾದರೆ ಕಂಪು ಏಳುವುದಿಲ್ಲ, ನಾಲಗೆಯೂ ಮರಗಟ್ಟುತ್ತದೆ. ಈ ಪಾನೀಯ ಪೀಪಾಯಿಯಲ್ಲಿಯೂ ಯೀಸ್ಟಿನೊಡನೆ ಜೀವಂತವಾಗಿರುತ್ತದೆ. ಕೈಪಂಪಿನಿಂದ ಎಳೆಯುತ್ತಾರೆ, ಹೊರಗಿನಿಂದ ಅನಿಲ ತುಂಬುವುದಿಲ್ಲ. ಪೀಪಾಯಿ ತೆರೆದ ಮೇಲೆ ಮೂರು ದಿನದಲ್ಲಿ ಖರ್ಚಾಗದಿದ್ದರೆ ಹುಳಿ ಹಿಡಿಯತೊಡಗುತ್ತದೆ. ಅರುವತ್ತರ ದಶಕದಲ್ಲಿ ದೊಡ್ಡ ಕಂಪನಿಗಳು ಈ ತಾಪತ್ರಯವೇ ಬೇಡವೆಂದು ಸೋಸಿ, ಕಾಯಿಸಿ, ಅನಿಲ ತುಂಬಿದ ನಿರ್ಜೀವ ಬಿಯರನ್ನು ಹರಡಿದಾಗ, ೧೯೭೧ರಲ್ಲಿ ನಾಲ್ವರು ಗೆಳೆಯರು ಅದರ ವಿರುದ್ಧ ‘ಕ್ಯಾಮ್ರಾ’ ಎಂಬ ಚಳವಳಿಯನ್ನು ಹೂಡಿದರು. ಇಂದು ಪೀಪಾಯಿಯ ಏಲ್ ಉಳಿದಿರುವುದಕ್ಕೆ ಅವರೂ ಒಂದು ಕಾರಣ.

ಮೂರನೆಯದು ಮೂಗು, ಅದರ ಕಥೆ ಹೇಳಿದ್ದಾಯಿತು. ನಾಲ್ಕನೆಯದು ಗುಟುಕು. ತುಟಿಗೆ ಸೋಕಿಸಿದರೆ ಸಾಲದು. ಬಾಯಿ ತುಂಬ ತೆಗೆದುಕೊಂಡು, ಒಮ್ಮೆ ಆಡಿಸಿ, ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು. ನಾಲಗೆಯ ತುದಿಯಲ್ಲಿ ಸಿಹಿ, ಬುಡದಲ್ಲಿ ಕಹಿ ಎಂಬ ಶಾಲಾಪುಸ್ತಕದ ಚಿತ್ರ ಸುಳ್ಳೆಂದು ಈಗ ಸಿದ್ಧವಾಗಿದೆ. ಎಲ್ಲ ರುಚಿಗಳೂ ನಾಲಗೆಯಲ್ಲೆಲ್ಲ ತಿಳಿಯುತ್ತವೆ. ದ್ರಾಕ್ಷಾರಸದ ಪರೀಕ್ಷಕರು ಉಗುಳಿದರೂ ಬಿಯರಿನವರು ಸಾಮಾನ್ಯವಾಗಿ ನುಂಗುತ್ತಾರೆ. ಏಕೆಂದರೆ ನುಂಗಿದ ಮೇಲೆ ಗಂಟಲಿನ ಹಿಂಬದಿಯಿಂದ ಕಂಪು ಮೂಗಿಗೆ ಏರುತ್ತದೆ, ಕಹಿ ಪೂರ್ತಿಯಾಗಿ ಅರಳುವುದೂ ಆಗಲೇ. ನನಗೆ ಮೊದಲು ಬಂದದ್ದು ಸಿಹಿ: ಹುರಿದ ಹಿಟ್ಟಿನ, ಬಿಸ್ಕತ್ತಿನ ಸಿಹಿ. ಅದರ ಬೆನ್ನಿಗೆ ಹಸಿ ಹುಲ್ಲು, ನಿಂಬೆಯ ಎಲೆ. ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ ಕಹಿ ಮೆಲ್ಲನೆ ಬಂದು ಕುಳಿತಿತು; ಬಂದದ್ದು ತಡವಾಗಿ, ಏಳುವ ಅವಸರವೂ ಅದಕ್ಕಿರಲಿಲ್ಲ.

ಇಲ್ಲಿ ಕನ್ನಡ ನನಗೆ ನೆರವಾಯಿತು. ಹೊಸಬರು ಕಹಿಯನ್ನೂ ಬಾಯಿ ಒಣಗಿಸುವ ಇನ್ನೊಂದು ಗುಣವನ್ನೂ ಒಂದೇ ಎಂದು ಕಲಸಿಬಿಡುತ್ತಾರೆ ಎಂದು ಅಳಿಯ ಹೇಳಿದ. ನಮಗೆ ಆ ಭ್ರಮೆ ಬರಲಾರದು. ಷಡ್ರಸಗಳಲ್ಲಿ ತಿಕ್ತವೇ ಬೇರೆ, ಕಷಾಯವೇ ಬೇರೆ. ಹಾಗಲಕಾಯಿ ಕಹಿ, ಎಳೆ ಅಡಕೆ ಒಗರು. ಒಳ್ಳೆಯ ಬಿಟರಿನಲ್ಲಿ ಕಹಿ ಮುಂದೆ ನಿಲ್ಲಬೇಕು, ಒಗರು ಹಿಂದೆಯೇ ಇರಬೇಕು. ಇನ್ನು ಸಿಹಿ ಕಹಿಗಳ ಹದ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕುವುದು ಕಹಿಯನ್ನು ಕೊಲ್ಲುವುದಕ್ಕಲ್ಲ, ಅದಕ್ಕೆ ನಿಲ್ಲಲು ನೆಲೆ ಕೊಡುವುದಕ್ಕೆ. ಮಾಲ್ಟಿನ ಸಿಹಿ ಮಾಡುವುದೂ ಅಷ್ಟನ್ನೇ. ದೋಷಗಳನ್ನೂ ಗುರುತಿಸಬಹುದು: ಹುಳಿ ಬಂದಿದ್ದರೆ ಪೀಪಾಯಿ ಹಳತಾಗಿದೆ, ನೆನೆದ ರಟ್ಟಿನ ವಾಸನೆ ಇದ್ದರೆ ಗಾಳಿ ಹೊಕ್ಕು ಕೆಟ್ಟಿದೆ, ಹಸಿ ಹುಲ್ಲಿನ ಬದಲು ಕೊಳೆತ ಸೊಪ್ಪು ನೆನಪಾದರೆ ಹೂವು ಕಡಾಯಿಗೆ ಬರುವುದು ತಡವಾಗಿದೆ.

ಭರತಮುನಿ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನು ಎಂಬುದಕ್ಕೆ ಕೊಡುವ ದೃಷ್ಟಾಂತ ಊಟದ್ದು: ನಾನಾ ವ್ಯಂಜನಗಳಿಂದ ಕೂಡಿದ ಅನ್ನವನ್ನು ಉಣ್ಣುವ ಸುಮನಸ್ಕನು ರುಚಿಗಳನ್ನು ಆಸ್ವಾದಿಸಿ ಸಂತೋಷಪಡುವಂತೆ ಪ್ರೇಕ್ಷಕನು ಭಾವವನ್ನು ಆಸ್ವಾದಿಸುತ್ತಾನೆ ಎಂದು. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅದು ಉಪಮೆಯಷ್ಟೇ ಎಂದು ತಿಳಿದಿದ್ದೆ. ಮನುಷ್ಯನಿಗೆ ಕಹಿಯನ್ನು ಗುರುತಿಸುವ ಗ್ರಾಹಕಗಳು ಸುಮಾರು ಇಪ್ಪತ್ತೈದು ಬಗೆ ಇವೆ ಎನ್ನುತ್ತಾರೆ ವಿಜ್ಞಾನಿಗಳು. ವಿಷವನ್ನು ಉಗುಳಲೆಂದು ಪ್ರಕೃತಿ ಇಟ್ಟ ಕಾವಲು ಅದು. ಹಸುಗೂಸು ಕಹಿಗೆ ಮುಖ ಕಿವಿಚುತ್ತದೆ. ಸಿಹಿಯನ್ನು ಯಾರೂ ಕಲಿಯಬೇಕಾಗಿಲ್ಲ. ಕಹಿಯನ್ನು ಮಾತ್ರ ಕಲಿತೇ ಪ್ರೀತಿಸಬೇಕು. ಶೋಕವನ್ನು ನೋಡಲು ಜನ ಏಕೆ ರಂಗಮಂದಿರಕ್ಕೆ ಹೋಗುತ್ತಾರೆ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಅದಕ್ಕೆ ನಾನು ಕೊಡುತ್ತಿದ್ದ ಉತ್ತರಗಳಿಗಿಂತ ಈ ಅರ್ಧ ಪಿಂಟು ಹತ್ತಿರದ ಉತ್ತರ.

ಈ ರುಚಿ ಎಷ್ಟು ಕಾಲ ಇದ್ದೀತೆಂಬುದು ಬೇರೆ ಮಾತು. ೧೮೭೮ರಲ್ಲಿ ಇಂಗ್ಲೆಂಡಿನ ಹಾಪ್ ತೋಟಗಳು ೭೦,೦೦೦ ಎಕರೆಯನ್ನು ಮೀರಿದ್ದವು. ಇಂದು ಅವು ೨,೫೦೦ ಎಕರೆಯನ್ನೂ ಮುಟ್ಟುವುದಿಲ್ಲ. ಒಂದು ಕಾಲದಲ್ಲಿ ಲಂಡನ್ನಿನ ಬಡ ಸಂಸಾರಗಳು ಮಕ್ಕಳುಮರಿಗಳೊಡನೆ ಕೊಯ್ಲಿಗೆ ಕೆಂಟ್‌ಗೆ ಬರುತ್ತಿದ್ದವು. ನಮ್ಮ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ ೧೯೩೧ರಲ್ಲಿ ಅವರ ಜೊತೆಗೂಡಿ ಹಾಪ್ ಕೊಯ್ದು, ಆ ಅನುಭವವನ್ನು ೧೯೩೫ರ ತನ್ನ ಕಾದಂಬರಿಯೊಂದಕ್ಕೆ ಒದಗಿಸಿಕೊಂಡ. ಈಗ ಕೊಯ್ಯುವುದು ಯಂತ್ರ. ತೋಟದ ಯಜಮಾನ ಕಿತ್ತುಹಾಕಿದ ಸಾಲುಗಳ ಜಾಗವನ್ನು ನಮಗೆ ತೋರಿಸಿದ. ಓದುವವರಿಲ್ಲದೆ ಪುಸ್ತಕ ಮರೆಯಾಗುವಂತೆ, ಕಹಿಯನ್ನು ಕಲಿಯುವವರಿಲ್ಲದೆ ಬಳ್ಳಿಯೂ ಮರೆಯಾಗುತ್ತದೆ.

ಇನ್ನು ನನ್ನ ಸಮಜಾಯಿಷಿ. ಶೇಕಡ ನಾಲ್ಕರ ಬಿಟರಿನ ಅರ್ಧ ಪಿಂಟಿನಲ್ಲಿ ಸುಮಾರು ಒಂಬತ್ತು ಗ್ರಾಂ ಮದ್ಯಸಾರವಿರುತ್ತದೆ. ಅದನ್ನು ಮರೆಮಾಚಿ ರಸದ ಮಾತಾಡುವುದು ಅಪ್ರಾಮಾಣಿಕತೆ. ಆಸ್ವಾದನೆ ಗೊತ್ತಿದ್ದವನು ಕೆಡಲಾರನೆಂದೂ ನಾನು ಹೇಳಲಾರೆ. ನನ್ನ ಸೋದರಮಾವನಷ್ಟು ರಸಿಕನನ್ನು ನಾನು ಕಂಡಿಲ್ಲ. ಆದರೆ ಅವನು ಕುಡಿಯುವುದನ್ನೂ ಕಂಡಿದ್ದೇನೆ: ಮೂಗು ಹಿಡಿದು, ಕಣ್ಣು ಮುಚ್ಚಿ, ರುಚಿ ತಿಳಿಯಬಾರದೆಂದೇ ಒಂದೇ ಉಸಿರಿಗೆ ಸುರಿದುಕೊಳ್ಳುತ್ತಿದ್ದ. ಯಾರ ಮನೆಗೆ ಆ ಬೆಂಕಿ ಬಿದ್ದಿದೆಯೋ ಅವರು ದೂರವಿರುವುದೇ ಲೇಸು. ನಾನೂ ಆ ಅರ್ಧ ಪಿಂಟಿನಾಚೆ ಹೋಗಲಿಲ್ಲ. ತಾಯಿಗೆ ಕೊಟ್ಟ ಭಾಷೆ ಮುರಿಯಿತೇ ಎಂದರೆ, ಮುರಿಯಿತು. ಅವಳು ಇದ್ದಿದ್ದರೆ ಮುಚ್ಚಿಡದೆ ಹೇಳುತ್ತಿದ್ದೆ.

ಅವಳ ಬದಲು ಅಕ್ಕನಿಗೆ ಹೇಳಿದೆ. ಊರಿಗೆ ಮರಳಿದ ವಾರ ಅವಳು ಹಾಗಲಕಾಯಿ ಗೊಜ್ಜು ಮಾಡಿದ್ದಳು. ಒಂದು ತುತ್ತನ್ನು ಬಾಯಲ್ಲಿ ಆಡಿಸಿ, ನುಂಗಿ, ಮೂಗಿನಿಂದ ಮೆಲ್ಲನೆ ಉಸಿರು ಬಿಟ್ಟೆ. “ಇದೇನೋ ಇದು, ಪ್ರಾಣಾಯಾಮ?” ಎಂದಳು. ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅರವತ್ತು ವರ್ಷ ನನ್ನ ಗೊಜ್ಜು ತಿಂದು ಆಗದ ಬುದ್ಧಿ ಅಲ್ಲಿ ಬಂತೇನೋ?” ಎಂದು ಇನ್ನೊಂದು ಸೌಟು ಬಡಿಸಿದಳು.